ಲೈಸೆನ್ಸ್ ಬೇಡದ ಸೈಕಲ್ಲು, ಕತ್ತರಿಸಿದ ವೈರು

ಕಳೆದ ತಿಂಗಳು ಒಂದು ಸಂಜೆ ಪಕ್ಕದ ಮನೆಯ ಹುಡುಗ ಹೊಸ ಎಲೆಕ್ಟ್ರಿಕ್ ಸೈಕಲ್ ತೋರಿಸಲು ಗೇಟಿನ ಮುಂದೆ ಬಂದು ನಿಂತ. ಒಂಬತ್ತನೇ ತರಗತಿ, ಮೀಸೆ ಇನ್ನೂ ಚಿಗುರಿಲ್ಲ. ಹಿಂದೆಯೇ ಅವನ ಅಪ್ಪನೂ ಬಂದರು. ಟ್ಯೂಷನ್ನಿಗೆ ಹೋಗಿಬರಲು ಮಗನಿಗೆ ಸ್ಕೂಟರ್ ಕೊಡಿಸುವಂತಿಲ್ಲ, ದಿನಾ ತಾವೇ ಬಿಟ್ಟುಬರಲೂ ಆಗುವುದಿಲ್ಲ, ಅದಕ್ಕೇ ಇದು ಎಂದರು. "ಲೈಸೆನ್ಸ್ ಬೇಡ, ನಂಬರ್ ಬೇಡ, ಇನ್ಶೂರೆನ್ಸೂ ಬೇಡ ಮೇಷ್ಟ್ರೇ. ಅಂಗಡಿಯವರೇ ಹೇಳಿದ್ರು." ಹುಡುಗನ ಹತ್ತಿರ ಅದಕ್ಕಿಂತ ದೊಡ್ಡ ಸುದ್ದಿಯಿತ್ತು. "ನಲವತ್ತು ಹೋಗುತ್ತೆ ಅಂಕಲ್!"

ಅಪ್ಪನ ಮಾತು ನಿಜವಾಗಬೇಕಾದರೆ ಮಗನ ಮಾತು ಸುಳ್ಳಾಗಬೇಕು. ಮಗ ಹೇಳಿದ್ದು ನಿಜವೇ ಆಗಿದ್ದರೆ ಅಪ್ಪ ಹೇಳಿದ ಮೂರು 'ಬೇಡ'ಗಳಲ್ಲಿ ಒಂದೂ ಉಳಿಯುವುದಿಲ್ಲ. ವಿಚಾರಿಸಿದಾಗ ಗೊತ್ತಾಯಿತು: ಅಂಗಡಿಯ ಮೆಕ್ಯಾನಿಕ್ ಸೀಟಿನ ಕೆಳಗಿನ ಡಬ್ಬಿ ಬಿಚ್ಚಿ, ವೇಗಕ್ಕೆ ಮಿತಿ ಹಾಕುವ ಒಂದು ಬಿಳಿ ವೈರನ್ನು ಕತ್ತರಿಸಿ ಕೊಟ್ಟಿದ್ದ. ದುಡ್ಡೂ ತೆಗೆದುಕೊಂಡಿರಲಿಲ್ಲ, ಗಿರಾಕಿಗೆ ಮಾಡಿದ ಉಪಕಾರವೆಂದೇ ತಿಳಿದಿದ್ದ.

ನಾನೂ ಎರಡು ವರ್ಷದಿಂದ ಇಂಥದೇ ಸೈಕಲ್ ತುಳಿಯುತ್ತಿದ್ದೇನೆ. ಕೊಳ್ಳುವಾಗ ನನಗೂ ಇದೇ ಗೊಂದಲವಿತ್ತು. ಮೂರು ಅಂಗಡಿಯಲ್ಲಿ ಮೂರು ಥರ ಹೇಳಿದ್ದರು. ಕೊನೆಗೆ ಕಾಯ್ದೆ, ನಿಯಮಗಳನ್ನು ಮುಂದಿಟ್ಟುಕೊಂಡು ಕೂತಾಗ ಗೊತ್ತಾಗಿದ್ದು, ವಿಷಯ ಅಷ್ಟೇನೂ ಜಟಿಲವಲ್ಲ ಎಂದು. ಒಂದೇ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದರೆ ಮಿಕ್ಕಿದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಇದು ಮೋಟಾರು ವಾಹನವೇ, ಅಲ್ಲವೇ?

ಆ ಪ್ರಶ್ನೆ ಇದೇ. ಮೋಟಾರು ವಾಹನ ಕಾಯ್ದೆ, 1988ರ 2ನೇ ಸೆಕ್ಷನ್ನಿನ 28ನೇ ಉಪಖಂಡದ ಪ್ರಕಾರ, ರಸ್ತೆಯಲ್ಲಿ ಓಡಲು ತಕ್ಕಂತಿರುವ, ಯಂತ್ರಶಕ್ತಿಯಿಂದ ಚಲಿಸುವ ಯಾವ ಗಾಡಿಯಾದರೂ ಮೋಟಾರು ವಾಹನ. ಆ ಶಕ್ತಿ ಪೆಟ್ರೋಲಿನಿಂದ ಬಂದರೂ ಸರಿ, ಬ್ಯಾಟರಿಯಿಂದ ಬಂದರೂ ಸರಿ. ಹಳಿ ಮೇಲೆ ಓಡುವುದು, ಕಾರ್ಖಾನೆಯ ಆವರಣದೊಳಗೆ ಮಾತ್ರ ಓಡುವುದು, ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು 25 ಸಿಸಿ ಮೀರದ ಎಂಜಿನ್ ಇರುವುದು, ಇವಿಷ್ಟನ್ನು ಆ ವ್ಯಾಖ್ಯೆ ಹೊರಗಿಟ್ಟಿದೆ.

ಈ 25 ಸಿಸಿಯ ಮಾತನ್ನು ಹಿಡಿದುಕೊಂಡು "ಎಲೆಕ್ಟ್ರಿಕ್ ಮೋಟರಿಗೆ ಸಿಸಿಯೇ ಇಲ್ಲವಲ್ಲ ಸರ್, ಹಾಗಾದರೆ ಎಲ್ಲದಕ್ಕೂ ವಿನಾಯಿತಿ" ಎಂದು ವಾದಿಸುವವರನ್ನು ನೋಡಿದ್ದೇನೆ. ಆ ವಾದ ನಿಲ್ಲುವುದಿಲ್ಲ. ಸಿಸಿ ಎಂಜಿನ್ನಿನ ಅಳತೆ. ಬ್ಯಾಟರಿ ಗಾಡಿಗೆಂದು ಬೇರೆಯದೇ ಅಳತೆಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಕೊಟ್ಟಿವೆ.

ಮೋಟಾರು ವಾಹನ ಎಂಬ ಹಣೆಪಟ್ಟಿ ಒಮ್ಮೆ ಬಿದ್ದರೆ ಅದರ ಹಿಂದೆಯೇ ಎಲ್ಲವೂ ಬರುತ್ತವೆ: 3ನೇ ಸೆಕ್ಷನ್ನಿನ ಲೈಸೆನ್ಸ್, 4ನೇ ಸೆಕ್ಷನ್ನಿನ ವಯಸ್ಸು, 39ನೇ ಸೆಕ್ಷನ್ನಿನ ನೋಂದಣಿ, 129ರ ಹೆಲ್ಮೆಟ್, 146ರ ಥರ್ಡ್ ಪಾರ್ಟಿ ವಿಮೆ. ಹಣೆಪಟ್ಟಿ ಇಲ್ಲದಿದ್ದರೆ ಇವುಗಳಲ್ಲಿ ಒಂದೂ ಇಲ್ಲ. ಸ್ವಲ್ಪ ಲೈಸೆನ್ಸ್, ಅರ್ಧ ನೋಂದಣಿ ಎಂಬ ನಡುವಿನ ದಾರಿ ನಮ್ಮ ಕಾನೂನಿನಲ್ಲಿಲ್ಲ. ಹೆಲ್ಮೆಟ್ಟಿನ ಪ್ರಶ್ನೆಯೂ ಇಲ್ಲೇ ತೀರುತ್ತದೆ. 129ನೇ ಸೆಕ್ಷನ್ 'ಮೋಟಾರ್ ಸೈಕಲ್' ಎನ್ನುತ್ತದೆ. ಮೋಟಾರ್ ಸೈಕಲ್ ಎಂದರೆ ಎರಡು ಚಕ್ರದ ಮೋಟಾರು ವಾಹನ. ಮೋಟಾರು ವಾಹನವೇ ಅಲ್ಲದ್ದಕ್ಕೆ ಅದು ತಗಲುವುದಿಲ್ಲ. (ಹಾಗಂತ ತಲೆ ಗಟ್ಟಿಯಾಗುವುದಿಲ್ಲ. ನಾನು ಹಾಕಿಕೊಂಡೇ ಹೋಗುತ್ತೇನೆ, ನೀವೂ ಹಾಕಿಕೊಳ್ಳಿ.)

ವಿನಾಯಿತಿಯ ಬಾಗಿಲು ಎಷ್ಟು ಅಗಲ

1989ರ ನಿಯಮಗಳಲ್ಲಿ 2ನೇ ನಿಯಮದ 'ಯು' ಎಂಬ ಖಂಡ ಬ್ಯಾಟರಿಚಾಲಿತ ವಾಹನ ಎಂದರೇನು ಎಂದು ಹೇಳುತ್ತದೆ. ಅದರ ಕೆಳಗೇ ವಿನಾಯಿತಿಯ ಷರತ್ತುಗಳಿವೆ. ಎರಡು ಚಕ್ರದ ಬ್ಯಾಟರಿ ಗಾಡಿ ಮೋಟಾರು ವಾಹನ ಅನ್ನಿಸಿಕೊಳ್ಳದಿರಲು ಅದರ ಮೋಟರಿನ ಮೂವತ್ತು ನಿಮಿಷದ ಶಕ್ತಿ 0.25 ಕಿಲೋವ್ಯಾಟಿಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ಮೀರಬಾರದು. ತಕ್ಕ ಬ್ರೇಕುಗಳಿರಬೇಕು, ಮುಂದೆ ಒಂದು ಬಿಳಿ, ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಇರಬೇಕು. ತುಳಿಯುವಾಗ ಮೋಟರು ನೆರವು ಕೊಡುವ ಪೆಡಲ್ ಸೈಕಲ್ಲಾದರೆ ಇನ್ನೊಂದು ಷರತ್ತು ಸೇರುತ್ತದೆ: ವೇಗ ಏರುತ್ತಾ ಹೋದಂತೆ ಮೋಟರಿನ ನೆರವು ಇಳಿಯುತ್ತಾ ಬಂದು 25ಕ್ಕೆ ಪೂರ್ತಿ ನಿಂತುಹೋಗಬೇಕು, ಅದಕ್ಕೂ ಮುಂಚೆ ಸವಾರ ತುಳಿಯುವುದನ್ನು ಬಿಟ್ಟರೆ ಅಲ್ಲೇ ನಿಲ್ಲಬೇಕು.

'ಕಡಿಮೆ' ಎಂಬ ಪದವನ್ನು ಗಮನಿಸಿ. ಮೀರಬಾರದು ಎಂದಲ್ಲ, ಕಡಿಮೆ ಇರಬೇಕು ಎಂದಿದೆ. ಎಲೆಕ್ಟ್ರಿಕ್ ಗಾಡಿಗಳ ಜಾಹೀರಾತಿನಲ್ಲಿ 24.9 ಕಿಲೋಮೀಟರ್ ವೇಗ ಎಂಬ ವಿಚಿತ್ರ ಅಂಕಿ ಕಾಣುವುದು ಇದೇ ಕಾರಣಕ್ಕೆ.

ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ನಮ್ಮ ದೇಶದ ವಿನಾಯಿತಿಗೆ ಪೆಡಲ್ ಇರಲೇಬೇಕೆಂಬ ಕಡ್ಡಾಯವಿಲ್ಲ. ಯೂರೋಪಿನಲ್ಲಿ ಹಾಗಲ್ಲ. ಅಲ್ಲಿ ತುಳಿದರಷ್ಟೇ ಮೋಟರು ಓಡುವ 250 ವ್ಯಾಟಿನ, 25 ಕಿಲೋಮೀಟರಿಗೆ ನೆರವು ನಿಲ್ಲಿಸುವ ಗಾಡಿಗೆ ಮಾತ್ರ ಸೈಕಲ್ಲಿನ ಸ್ಥಾನ. ಬರೀ ಎಕ್ಸಿಲರೇಟರ್ ತಿರುಗಿಸಿ ಹೋಗುವುದು ಆ ಗುಂಪಿಗೆ ಸೇರುವುದಿಲ್ಲ. ನಮ್ಮಲ್ಲಿ ಫುಟ್‌ಬೋರ್ಡ್ ಮೇಲೆ ಕಾಲಿಟ್ಟು, ಕೈಯಲ್ಲಿ ಎಕ್ಸಿಲರೇಟರ್ ತಿರುಗಿಸಿ ಹೋಗುವ, ನೋಡಲು ಥೇಟ್ ಸ್ಕೂಟರಿನಂತಿರುವ ಗಾಡಿಯೂ ಶಕ್ತಿ, ವೇಗ, ತೂಕದ ಗೆರೆಯೊಳಗಿದ್ದರೆ ವಿನಾಯಿತಿಗೆ ಅರ್ಹ. ಬೆಂಗಳೂರಿನಲ್ಲಿ ದಿನಸಿ, ಊಟ ತಲುಪಿಸುವ ಹುಡುಗರು ನಂಬರ್ ಪ್ಲೇಟ್ ಇಲ್ಲದ ಪುಟ್ಟ ಗಾಡಿಗಳಲ್ಲಿ ಓಡಾಡುವುದು ಈ ಬಾಗಿಲಿನಿಂದಲೇ. ಹಾಗೆಯೇ ತಿರುಗಿಸಿ ನೋಡಿ: ಪೆಡಲ್ ಇದ್ದ ಮಾತ್ರಕ್ಕೆ ಯಾವ ಗಾಡಿಯೂ ಸೈಕಲ್ ಆಗುವುದಿಲ್ಲ. ದಪ್ಪ ಟಯರಿನ, 1000 ವ್ಯಾಟ್ ಮೋಟರಿನ, ಹೆಸರಿಗೆ ಎರಡು ಪೆಡಲ್ ಸಿಕ್ಕಿಸಿದ ಗಾಡಿ ಕಾನೂನಿನ ಕಣ್ಣಿಗೆ ಮೋಟಾರ್ ಸೈಕಲ್ಲೇ.

250 ವ್ಯಾಟ್ ಯಾಕೆ, 25 ಕಿಲೋಮೀಟರ್ ಯಾಕೆ

ಈ ಎರಡು ಅಂಕಿಗಳು ಬಾಬುಗಳು ಮೇಜಿನ ಮುಂದೆ ಕೂತು ಮನಸ್ಸಿಗೆ ಬಂದಂತೆ ಬರೆದವಲ್ಲ. ಆರೋಗ್ಯವಂತ ಮನುಷ್ಯ ಹೆಚ್ಚು ದಣಿಯದೆ ಒಂದು ತಾಸು ಪೆಡಲ್ ತುಳಿದರೆ ಸುಮಾರು 75ರಿಂದ 100 ವ್ಯಾಟ್ ಕೊಡಬಲ್ಲ. ಅಂದರೆ 250 ವ್ಯಾಟಿನ ಮೋಟರು ಇನ್ನೂ ಇಬ್ಬರು ಮೂವರು ನಿಮ್ಮ ಜೊತೆ ತುಳಿದಂತೆ. ನೀವು 75 ಕಿಲೋ, ಸೈಕಲ್ಲು 25 ಕಿಲೋ ಎಂದಿಟ್ಟುಕೊಳ್ಳಿ. ನೂರು ಮೀಟರ್ ಹೋದರೆ ಐದು ಮೀಟರ್ ಮೇಲೇರುವಂಥ ಉಬ್ಬನ್ನು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹತ್ತಬೇಕು. ಬರೀ ತೂಕವನ್ನು ಮೇಲೆತ್ತಲು ಸುಮಾರು 200 ವ್ಯಾಟ್, ಟಯರಿನ ಘರ್ಷಣೆಗೂ ಗಾಳಿಗೂ ಇನ್ನೊಂದು 50, ಒಟ್ಟು ಹೆಚ್ಚುಕಡಿಮೆ 250. ಎಂದರೆ ಮೈಸೂರಲ್ಲಾಗಲಿ, ಧಾರವಾಡದಲ್ಲಾಗಲಿ, ಮಡಿಕೇರಿಯಲ್ಲೇ ಆಗಲಿ, ಸೈಕಲ್ಲಿನಿಂದ ಇಳಿದು ತಳ್ಳುವ ಕಷ್ಟ ತಪ್ಪಿಸಲು ಅಷ್ಟು ಸಾಕು. ಇಬ್ಬರನ್ನು ಕೂರಿಸಿಕೊಂಡು ಓವರ್‌ಟೇಕ್ ಮಾಡಲು ಸಾಲದು. ಸಾಲಬಾರದೆಂಬುದೇ ನಿಯಮದ ಉದ್ದೇಶ.

'ಮೂವತ್ತು ನಿಮಿಷದ ಶಕ್ತಿ' ಎಂಬ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಎಲೆಕ್ಟ್ರಿಕ್ ಮೋಟರು ಕ್ಷಣಕಾಲ ತನ್ನ ಅಳತೆ ಮೀರಿ ದುಡಿಯಬಲ್ಲದು. ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ, ಕಡಿದಾದ ಉಬ್ಬು ಹತ್ತುವಾಗ, 250 ವ್ಯಾಟ್ ಎಂದು ಬರೆದ ಮೋಟರಿನಿಂದ ಒಂದೆರಡು ನಿಮಿಷ 400 ವ್ಯಾಟ್ ಹೊರಬಂದರೆ ಅಚ್ಚರಿಯಿಲ್ಲ. ಹಾಗೇ ದುಡಿಸುತ್ತ ಹೋದರೆ ಸುರುಳಿ ಕಾಯುತ್ತದೆ. ಅದಕ್ಕೇ ಕಾನೂನು ಕ್ಷಣದ ಜಿಗಿತವನ್ನು ಬಿಟ್ಟು, ಅರ್ಧ ಗಂಟೆ ಒಂದೇ ಸಮನೆ ಎಷ್ಟು ಕೊಡಬಲ್ಲದು ಎಂದು ಅಳೆಯುತ್ತದೆ. ಇದಕ್ಕೆಂದೇ ಎಐಎಸ್-041 ಎಂಬ ಪರೀಕ್ಷಾ ಮಾನದಂಡವಿದೆ. ಹೀಗಾಗಿ ನಿಮ್ಮ ಸೈಕಲ್ಲಿನ ವಿವರಪತ್ರದಲ್ಲಿ 'ಪೀಕ್' ಎಂದು ದೊಡ್ಡ ಅಂಕಿ ಕಂಡ ಮಾತ್ರಕ್ಕೆ ಅದು ಅಕ್ರಮವಲ್ಲ. ಆದರೆ ಚಕ್ರದ ನಡುವೆ ಕೂರುವ ಹಬ್ ಮೋಟರಿನ ಮೇಲೆಯೇ 350 ವ್ಯಾಟ್ ಅಥವಾ 500 ವ್ಯಾಟ್ ಎಂದು ಕೆತ್ತಿದ್ದರೆ ಅಂಗಡಿಯವರನ್ನು ಗಟ್ಟಿಯಾಗಿ ಪ್ರಶ್ನಿಸಬೇಕು.

ವೇಗದ ವಿಷಯಕ್ಕೆ ಬಂದರೆ, 25ರಲ್ಲಿ ಹೋಗುವ ಸೈಕಲ್ಲು ಸೆಕೆಂಡಿಗೆ ಸುಮಾರು ಏಳು ಮೀಟರ್ ಸಾಗುತ್ತದೆ. 45ರಲ್ಲಾದರೆ ಹನ್ನೆರಡೂವರೆ ಮೀಟರ್. ವೇಗ ಎರಡು ಪಟ್ಟೂ ಆಗಲಿಲ್ಲ, ಆದರೆ ಡಿಕ್ಕಿಯಲ್ಲಿ ಹೊಮ್ಮುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಮೂರು ಪಟ್ಟನ್ನೂ ಮೀರುತ್ತದೆ. ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವೂ ಅಷ್ಟೇ ಪಟ್ಟು. ಸೈಕಲ್ಲಿನ ಫೋರ್ಕು, ಬ್ರೇಕು, ಕಡ್ಡಿಗಳು ಯಾವ ವೇಗಕ್ಕೆಂದು ಆಗಿವೆಯೋ ಅದಕ್ಕೆ ಸರಿಯಾಗಿ ಕಾನೂನು ಗೆರೆ ಎಳೆದಿದೆ. ನಲವತ್ತು ಹೋಗುತ್ತೆ ಎಂದಾಗ ನನ್ನ ಎದೆ ಧಸಕ್ ಎಂದಿದ್ದು ದಂಡದ ಭಯದಿಂದಲ್ಲ.

ಪೆಡಲ್ ನೆರವಿನ ಸೈಕಲ್ಲಿಗೆ ಸಂಬಂಧಿಸಿ ಒಂದು ಸಮಾಧಾನದ ಮಾತು. ಅಲ್ಲಿ ಕಡಿವಾಣ ಇರುವುದು ಮೋಟರಿನ ನೆರವಿಗೆ. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಮೂವತ್ತೈದು ದಾಟಿದರೆ, ಇಲ್ಲವೇ ಕಾಲಿನ ಬಲದಿಂದಲೇ ಮೂವತ್ತು ಮುಟ್ಟಿದರೆ, ಸೈಕಲ್ಲು ಮೋಟಾರು ವಾಹನ ಆಗಿಬಿಡುವುದಿಲ್ಲ. ಆಗ ಮೋಟರು ಸುಮ್ಮನಿರುತ್ತದೆ. ಓಡುವುದು ನೀವು ಮತ್ತು ಇಳಿಜಾರು.

ಎಲ್ಲರೂ ಹಾರಿಸಿ ಓದುವ ಸಾಲು

ಅಂಗಡಿಗಳಲ್ಲಿ 250, 25 ಎಂಬ ಎರಡು ಅಂಕಿಗಳನ್ನು ಗಿಳಿಪಾಠದಂತೆ ಒಪ್ಪಿಸುತ್ತಾರೆ. ಆದರೆ ಅದೇ ನಿಯಮದಲ್ಲಿರುವ ಮೂರನೆಯ ಮಾತನ್ನು ಯಾರೂ ಹೇಳುವುದಿಲ್ಲ. ಈ ಷರತ್ತುಗಳನ್ನು 126ನೇ ನಿಯಮದಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆ ಪರಿಶೀಲಿಸಿ ಒಪ್ಪಿರಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇಂಥ ಸಂಸ್ಥೆಗಳು. ಕಂಪನಿ ತನ್ನ ಮಾದರಿಯೊಂದನ್ನು ಅಲ್ಲಿಗೆ ಕಳಿಸುತ್ತದೆ, ಅಲ್ಲಿ ಅಳೆದು ನೋಡಿ ಪ್ರಮಾಣಪತ್ರ ಕೊಡುತ್ತಾರೆ. ವಿನಾಯಿತಿ ಸಿಗುವುದು ಆ ಮಾದರಿಗೆ, ಅಳೆದಾಗ ಅದು ಹೇಗಿತ್ತೋ ಹಾಗೇ ಇರುವ ಗಾಡಿಗೆ.

ಎಂದರೆ ಈ ವಿನಾಯಿತಿ ಸವಾರನ ಹಕ್ಕೂ ಅಲ್ಲ, ಸೈಕಲ್ ಎಂಬ ಹೆಸರಿಗೆ ಅಂಟಿಕೊಂಡದ್ದೂ ಅಲ್ಲ. ಅದು ಪರೀಕ್ಷೆಯಾದ ಯಂತ್ರದ ಗುಣ. ಇದನ್ನು ನಾನು ಒತ್ತಿ ಹೇಳುವುದೇಕೆಂದರೆ, ಕಿಟ್ ಕೊಂಡು ಮನೆಯ ಹಳೇ ಸೈಕಲ್ಲಿಗೆ ಮೋಟರು ಜೋಡಿಸುವವರು ಈಗ ಊರೂರಲ್ಲಿದ್ದಾರೆ. ಅವರ ಕೈಚಳಕದ ಬಗ್ಗೆ ನನಗೆ ನಿಜವಾದ ಗೌರವವಿದೆ. ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಹೀಗೆ ತಯಾರಾದ ಸೈಕಲ್ಲು ಹಾಲಿನ ಕ್ಯಾನು ಹೊತ್ತು ಡೇರಿಗೆ ಹೋಗುವುದನ್ನು ಕಂಡಿದ್ದೇನೆ. ಆದರೆ 250 ವ್ಯಾಟಿನೊಳಗಿನ ಕಿಟ್ಟೇ ಹಾಕಿದ್ದರೂ ಆ ಇಡೀ ಗಾಡಿಯನ್ನು ಪರೀಕ್ಷಾ ಸಂಸ್ಥೆ ನೋಡಿಲ್ಲ. ಕಿಟ್ಟಿನ ಡಬ್ಬದ ಮೇಲೆ ಏನೇ ಅಚ್ಚಾಗಿದ್ದರೂ, ನಾಳೆ ಅವಘಡವಾಗಿ ಪ್ರಶ್ನೆ ಎದ್ದರೆ ತೋರಿಸಲು ಕೈಯಲ್ಲಿ ಕಾಗದವಿರುವುದಿಲ್ಲ. ಸಣ್ಣ ಕೆಲಸದವರಿಗೆ, ಕಡಿಮೆ ಖರ್ಚಿನಲ್ಲಿ ಜಿಲ್ಲಾ ಮಟ್ಟದಲ್ಲೇ ಇಂಥ ಪರೀಕ್ಷೆ ಮಾಡಿಸಿಕೊಳ್ಳುವ ದಾರಿಯನ್ನು ಸರ್ಕಾರ ಮಾಡಿಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೊಸದನ್ನು ಕೊಳ್ಳುವವರು ಪರೀಕ್ಷಾ ಪ್ರಮಾಣಪತ್ರದ ನಕಲು ಕೇಳಿ ಪಡೆಯಿರಿ. ಅದರಲ್ಲಿರುವ ಮಾದರಿಯ ಹೆಸರು, ನಿಮ್ಮ ಬಿಲ್ಲಿನಲ್ಲಿರುವ ಹೆಸರು, ಗಾಡಿಯ ಮೇಲಿರುವ ಹೆಸರು, ಮೂರೂ ಒಂದೇ ಆಗಿರಬೇಕು. ಒಂದು ಮಾದರಿಯ ಪ್ರಮಾಣಪತ್ರ ತೋರಿಸಿ ಇನ್ನೊಂದನ್ನು ಮಾರುವುದು ನನ್ನ ಕಣ್ಣೆದುರೇ ನಡೆದಿದೆ. ಬಿಲ್ಲಿನಲ್ಲಿ ಮೋಟರಿನ ವ್ಯಾಟ್, ಬ್ಯಾಟರಿಯ ವೋಲ್ಟ್ ಬರೆಸಿ. ದಾರಿಯಲ್ಲಿ ಪೊಲೀಸರು ತಡೆದರೆ ಲೈಸೆನ್ಸ್, ಆರ್‌ಸಿ ಇಲ್ಲದ ನಿಮ್ಮ ಪರವಾಗಿ ಮಾತಾಡುವುದು ಈ ಕಾಗದಗಳೇ. ನಾನು ಒಂದು ಜೆರಾಕ್ಸನ್ನು ಸೀಟಿನ ಕೆಳಗಿನ ಚೀಲದಲ್ಲಿಟ್ಟಿದ್ದೇನೆ, ಫೋನಿನಲ್ಲೂ ಒಂದು ಫೋಟೋ ಇದೆ.

ವೈರು ಕತ್ತರಿಸಿದ ಮೇಲೆ

ಎಲೆಕ್ಟ್ರಿಕ್ ಸೈಕಲ್ಲಿನ ಮೆದುಳು ಕಂಟ್ರೋಲರ್ ಎಂಬ ಪುಟ್ಟ ಡಬ್ಬಿ. ಬ್ಯಾಟರಿಯಿಂದ ಮೋಟರಿಗೆ ಎಷ್ಟು ಕರೆಂಟು ಬಿಡಬೇಕೆಂದು ತೀರ್ಮಾನಿಸುವುದು ಅದೇ. ಅಗ್ಗದ ಕಂಟ್ರೋಲರುಗಳಲ್ಲಿ ವೇಗದ ಮಿತಿಗೆಂದು ಒಂದು ವೈರಿನ ಕುಣಿಕೆ ಇರುತ್ತದೆ; ಅದು ಜೋಡಿಯಾಗಿರುವಷ್ಟು ಹೊತ್ತು ಮಿತಿ ಇರುತ್ತದೆ, ಬಿಡಿಸಿದರೆ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಡಿಸ್‌ಪ್ಲೇಯ ಸೆಟ್ಟಿಂಗಿನಲ್ಲೇ ಅಂಕಿ ಬದಲಿಸಬಹುದು. ಮತ್ತೊಂದು ದಾರಿ ಬ್ಯಾಟರಿಯದು: ಇಂಥ ಮೋಟರಿನ ವೇಗ ಅದಕ್ಕೆ ಕೊಟ್ಟ ವೋಲ್ಟೇಜಿಗೆ ತಕ್ಕಂತೆ ಏರುವುದರಿಂದ 48 ವೋಲ್ಟಿನ ಜಾಗದಲ್ಲಿ 60 ವೋಲ್ಟಿನದನ್ನು ಕೂರಿಸುತ್ತಾರೆ. 'ಲಾಕ್ ಓಪನ್ ಮಾಡೋದು' ಎಂದು ಅಂಗಡಿಗಳಲ್ಲಿ ಹೇಳುವುದು ಇವನ್ನೇ.

ಇದು ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದಲ್ಲಿ ನಿಮ್ಮ ಸೈಕಲ್ಲು ನೋಂದಣಿಯಾಗದ, ವಿಮೆಯಿಲ್ಲದ ಮೋಟಾರ್ ಸೈಕಲ್ಲಾಗಿ ಬದಲಾಗುತ್ತದೆ. ಆಮೇಲೆ ಒಂದೊಂದಾಗಿ ಸೆಕ್ಷನ್‌ಗಳು ಬಂದು ಸೇರುತ್ತವೆ. ಲೈಸೆನ್ಸ್ ಇಲ್ಲದೆ ಓಡಿಸಿದ್ದಕ್ಕೆ 181ರ ಅಡಿ 5,000 ರೂಪಾಯಿ. ನೋಂದಣಿ ಇಲ್ಲದ್ದಕ್ಕೆ 192ರ ಅಡಿ ಮೊದಲ ಸಲ 5,000 ರೂಪಾಯಿವರೆಗೆ. ವಿಮೆ ಇಲ್ಲದ್ದಕ್ಕೆ 196ರ ಅಡಿ ಮೊದಲ ಸಲ 2,000 ರೂಪಾಯಿ ಅಥವಾ ಮೂರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಇವು 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿರುವ ಮೊತ್ತಗಳು. ಸ್ಥಳದಲ್ಲೇ ಕಟ್ಟುವ ದಂಡವನ್ನು ರಾಜ್ಯಗಳು ಇಳಿಸಬಹುದು, ಕರ್ನಾಟಕವೂ ಕೆಲವನ್ನು ಅದೇ ವರ್ಷ ಇಳಿಸಿತು. ಮಾರ್ಪಾಡು ಮಾಡಿದ ಮಾಲೀಕನಿಗೆ 182ಎ ಸೆಕ್ಷನ್ನಿನಲ್ಲಿ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಇದೆ. ಇದೇ ಸೆಕ್ಷನ್ ನಿಯಮ ಮೀರಿದ ವಾಹನ ಮಾರುವ ಕಂಪನಿಗೂ ಡೀಲರಿಗೂ ಪ್ರತಿ ಗಾಡಿಗೆ ಒಂದು ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಸೆರೆ ವಿಧಿಸುತ್ತದೆ. ಪುಕ್ಕಟೆ ವೈರು ಕತ್ತರಿಸಿಕೊಟ್ಟವನಿಗೆ ಈ ಸಾಲು ಗೊತ್ತಿದ್ದರೆ ಕತ್ತರಿ ಕೆಳಗಿಡುತ್ತಿದ್ದ.

ಮಕ್ಕಳ ವಿಷಯ ಇದಕ್ಕಿಂತ ಗಂಭೀರ. ವಿನಾಯಿತಿ ಇರುವ ಎಲೆಕ್ಟ್ರಿಕ್ ಸೈಕಲ್ಲಿಗೆ ಮೋಟಾರು ವಾಹನ ಕಾಯ್ದೆ ಕನಿಷ್ಠ ವಯಸ್ಸನ್ನೇ ಹೇಳುವುದಿಲ್ಲ, ಸಾಮಾನ್ಯ ಸೈಕಲ್ಲಿಗೆ ಹೇಳದಂತೆಯೇ. (ಬ್ರಿಟನ್ನಿನಲ್ಲಿ ಇದಕ್ಕೆ 14 ವರ್ಷದ ಮಿತಿಯಿದೆ, ನಮ್ಮಲ್ಲೂ ಅಂಥದ್ದೊಂದು ಬೇಕು ಎನಿಸುತ್ತದೆ.) ಆದರೆ ಅದು ಮೋಟಾರು ವಾಹನವಾದ ಕ್ಷಣದಿಂದ 199ಎ ಸೆಕ್ಷನ್ ಬಂದು ನಿಲ್ಲುತ್ತದೆ. ಅಪ್ರಾಪ್ತರು ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು ಎಂದು ಅದು ಭಾವಿಸುತ್ತದೆ. ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಆ ಹುಡುಗನಿಗೋ ಹುಡುಗಿಗೋ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ತನಗೆ ಗೊತ್ತಿಲ್ಲದೆ ನಡೆಯಿತು, ಅಥವಾ ತಡೆಯಲು ಆದಷ್ಟು ಪ್ರಯತ್ನಿಸಿದ್ದೆ ಎಂದು ಸಾಬೀತು ಮಾಡುವ ಹೊಣೆಯೂ ಪೋಷಕರದೇ. ಇದನ್ನು ನಾನು ಹೇಳಿದಾಗ ಪಕ್ಕದ ಮನೆಯವರ ಮುಖ ಬಿಳಿಚಿಕೊಂಡಿತು. ಮಗನಿಗೆ ಸ್ಕೂಟರ್ ಕೊಡಬಾರದೆಂಬ ಎಚ್ಚರದಿಂದಲೇ ಸೈಕಲ್ ತಂದ ಮನುಷ್ಯ ಅವರು.

ವಿನಾಯಿತಿ ಎಂದರೆ ರಸ್ತೆಯ ಶಿಸ್ತಿನಿಂದ ಬಿಡುಗಡೆಯಲ್ಲ

ನಮ್ಮ ಅಪ್ಪಂದಿರ ಕಾಲದಲ್ಲಿ ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದವು. ರಾತ್ರಿ ಡೈನಮೋ ಇಲ್ಲದೆ ಹೊರಟರೆ, ಡಬಲ್ಸ್ ಹೋದರೆ ಪೊಲೀಸರು ಹಿಡಿದು ಟಯರಿನ ಗಾಳಿ ಬಿಡುತ್ತಿದ್ದ ಕಥೆಗಳನ್ನು ಮನೆಮನೆಯಲ್ಲೂ ಕೇಳಿದ್ದೇವೆ. ಬಿಲ್ಲೆ ಹೋಯಿತು, ರಸ್ತೆಯ ಶಿಸ್ತು ಹೋಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಸಾರ್ವಜನಿಕ ದಾರಿಯಲ್ಲಿ ಅಜಾಗರೂಕತೆಯಿಂದ 'ಯಾವುದೇ ವಾಹನ' ಓಡಿಸುವವರನ್ನು ಶಿಕ್ಷಿಸುತ್ತದೆ. ಅಲ್ಲಿ ಮೋಟಾರು ಎಂಬ ವಿಶೇಷಣವಿಲ್ಲ. ಆರು ತಿಂಗಳವರೆಗೆ ಸೆರೆ, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ 106ನೇ ಸೆಕ್ಷನ್, ಐದು ವರ್ಷದವರೆಗೆ ಸೆರೆ, ಸೈಕಲ್ಲಾದರೂ ಅಷ್ಟೇ. ಕುಡಿದು ಓಡಿಸುವ 185ನೇ ಸೆಕ್ಷನ್ ಮೋಟಾರು ವಾಹನಕ್ಕೆ ಮಾತ್ರ ಸೀಮಿತವಾದರೂ, ಕುಡಿದು ಸಾರ್ವಜನಿಕ ಜಾಗದಲ್ಲಿ ತೊಂದರೆ ಕೊಟ್ಟವರಿಗೆ ಸಂಹಿತೆಯ 355 ಕಾದಿದೆ. ಬೀದಿಯಲ್ಲಿ ನಡೆಯುವ ತಪ್ಪುಗಳಿಗೆಂದು ಕರ್ನಾಟಕ ಪೊಲೀಸ್ ಕಾಯ್ದೆ, 1963ರಲ್ಲೂ ದಂಡವಿದೆ.

ನಂಬರ್ ಪ್ಲೇಟ್ ಇಲ್ಲದಿದ್ದರೆ ಕ್ಯಾಮೆರಾ ಹಿಡಿಯುವುದಿಲ್ಲ, ಮನೆಗೆ ನೋಟಿಸು ಬರುವುದಿಲ್ಲ. ಒನ್‌ವೇಯಲ್ಲಿ ಎದುರು ನುಗ್ಗುವವರ, ಫುಟ್‌ಪಾತ್ ಹತ್ತುವವರ ಧೈರ್ಯ ಬಂದಿರುವುದು ಅಲ್ಲಿಂದ. ಡೆಲಿವರಿ ಹುಡುಗರನ್ನು ಮಾತ್ರ ಬೈದು ಪ್ರಯೋಜನವಿಲ್ಲ, ಅವರ ನಿಮಿಷಗಳನ್ನು ಎಣಿಸುವವರು ಬೇರೆಯವರಿದ್ದಾರೆ. ಆದರೂ ಫುಟ್‌ಪಾತಿನಲ್ಲಿ ಮೊಮ್ಮಗುವಿನ ಕೈ ಹಿಡಿದು ನಡೆಯುವ ಅಜ್ಜಿಗೆ ಸದ್ದಿಲ್ಲದೆ ಹಿಂದಿನಿಂದ ಬರುವ ಗಾಡಿ ಎಷ್ಟು ಅಪಾಯವೆಂದು ಅದನ್ನು ಓಡಿಸುವವರೆಲ್ಲ ಯೋಚಿಸಬೇಕು.

ಒಂದು ರಸ್ತೆಯ ಬಗ್ಗೆ ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ನನ್ನನ್ನು ಬಹಳ ಮಂದಿ ಕೇಳಿದ್ದಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಸ್ಕೂಟರು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಮೋಟರು ರಹಿತ ವಾಹನಗಳಿಗೂ ನಿಷೇಧವಿದೆ. ನಿಮ್ಮ ಗಾಡಿಯನ್ನು ಸೈಕಲ್ ಎಂದರೂ ಪ್ರವೇಶವಿಲ್ಲ, ಮೋಟಾರ್ ಸೈಕಲ್ ಎಂದರೂ ಇಲ್ಲ. ಸರ್ವೀಸ್ ರಸ್ತೆಯೇ ದಾರಿ.

ಪೆಟ್ಟಾದರೆ ಯಾರು ಕೊಡುತ್ತಾರೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ನೀವು ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಹೋಗುವಾಗ ಕಾರೊಂದು ಗುದ್ದಿತು ಎನ್ನಿ. ಕಾರು ಮೋಟಾರು ವಾಹನ, ಅದಕ್ಕೆ ವಿಮೆಯಿದೆ. ಪಾದಚಾರಿಗೆ ಇರುವ ಹಕ್ಕೇ ನಿಮಗೂ ಇದೆ: ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ 166ನೇ ಸೆಕ್ಷನ್ನಿನಡಿ ಅರ್ಜಿ ಹಾಕಬಹುದು. ಗುದ್ದಿದ ಗಾಡಿ ಯಾವುದೆಂದೇ ತಿಳಿಯದಿದ್ದರೆ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ ಪರಿಹಾರದ ವ್ಯವಸ್ಥೆ 2022ರ ಏಪ್ರಿಲ್‌ನಿಂದ ಇದೆ. 2025ರಲ್ಲಿ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಮೋಟಾರು ವಾಹನದಿಂದ ಗಾಯಗೊಂಡವರಿಗೆ ಮೊದಲ ಏಳು ದಿನ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು.

ಈಗ ಉಲ್ಟಾ ಮಾಡಿ. ನಿಯಮದೊಳಗಿನ ನಿಮ್ಮ ಸೈಕಲ್ಲು ಒಬ್ಬ ಹಿರಿಯರಿಗೆ ಗುದ್ದಿ ಅವರ ಸೊಂಟದ ಮೂಳೆ ಮುರಿಯಿತು. ಸೈಕಲ್ಲು ಮೋಟಾರು ವಾಹನವಲ್ಲ, ಆದ್ದರಿಂದ ಆ ನ್ಯಾಯಮಂಡಳಿಯ ಬಾಗಿಲು ಅವರಿಗೆ ತೆರೆಯುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು, ಕೋರ್ಟ್ ಶುಲ್ಕ ಕಟ್ಟಬೇಕು, ವರ್ಷಗಟ್ಟಲೆ ಕಾಯಬೇಕು. ಗೆದ್ದರೂ ಕೊಡಬೇಕಾದವರು ನೀವು, ನಿಮ್ಮ ಜೇಬಿನಿಂದ. ಲಕ್ಷಗಟ್ಟಲೆ ಗಾಡಿಗಳು ಹೀಗೆ ವಿಮೆಯಿಲ್ಲದೆ ಓಡುವ ಮಟ್ಟಕ್ಕೆ ಹೋಗುವ ಮೊದಲೇ, ವರ್ಷಕ್ಕೆ ಕೆಲವೇ ನೂರು ರೂಪಾಯಿಯ ಒಂದು ಸರಳ ವಿಮೆ ಬರಬೇಕು. ಸೈಕಲ್ಲಿನ ಬೆಲೆಯಲ್ಲೇ ಅದು ಸೇರಿದ್ದರೂ ನಾನು ಸಂತೋಷದಿಂದ ಕೊಡುತ್ತಿದ್ದೆ.

ವೈರು ಕತ್ತರಿಸಿದ ಗಾಡಿಯದಾದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಅದು ಮೋಟಾರು ವಾಹನವೇ ಎಂದು ತೀರ್ಮಾನವಾದರೆ ನ್ಯಾಯಮಂಡಳಿಯ ಬಾಗಿಲು ಗಾಯಾಳುವಿಗೆ ತೆರೆಯುತ್ತದೆ, ಆದರೆ ಹಣ ಕೊಡಲು ವಿಮಾ ಕಂಪನಿ ಇರುವುದಿಲ್ಲ. ಇಡೀ ಪರಿಹಾರ, ಅದು ಎಷ್ಟೇ ಲಕ್ಷವಿರಲಿ, ಮಾಲೀಕನ ಮೇಲೆ. ಕೊಡದಿದ್ದರೆ ಆಸ್ತಿ ಜಪ್ತಿಯವರೆಗೂ ಹೋಗಬಹುದು.

ಹೊರದೇಶದಲ್ಲಿರುವ ನಮ್ಮವರಿಗೂ ಒಂದು ಮಾತು. ಅಮೆರಿಕದ ಅನೇಕ ರಾಜ್ಯಗಳಲ್ಲಿ 750 ವ್ಯಾಟ್ ಒಳಗಿನ, ಗಂಟೆಗೆ 28 ಮೈಲಿವರೆಗೆ ನೆರವು ಕೊಡುವ ಸೈಕಲ್ಲುಗಳಿಗೂ ಎಲೆಕ್ಟ್ರಿಕ್ ಸೈಕಲ್ಲಿನ ಸ್ಥಾನವಿದೆ. ಊರಿಗೆ ಮರಳುವಾಗ ಅದನ್ನು ಪ್ಯಾಕ್ ಮಾಡಿ ತಂದರೆ ಇಲ್ಲಿ ಅದು 25ರ ಗೆರೆಯನ್ನು ಆಚೆ ದಾಟಿದ ಗಾಡಿ. ಬ್ರಿಟನ್ನಿನಲ್ಲಿ ಓದುತ್ತಾ ಸಂಜೆ ಊಟ ತಲುಪಿಸುವ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದರ ಇನ್ನೊಂದು ಮುಖದ ಪರಿಚಯವಿರಬಹುದು: ಅಲ್ಲಿ ಗಂಟೆಗೆ 15.5 ಮೈಲಿ, 250 ವ್ಯಾಟ್ ಮೀರಿದ ಸೈಕಲ್ಲನ್ನು ವಿಮೆಯಿಲ್ಲದ ಮೋಟಾರು ವಾಹನವೆಂದು ಪೊಲೀಸರು ವಶಪಡಿಸಿಕೊಳ್ಳುತ್ತಾರೆ.

ಪಕ್ಕದ ಮನೆಯವರು ಮಾರನೆಯ ದಿನವೇ ಸೈಕಲ್ಲನ್ನು ಅಂಗಡಿಗೆ ತೆಗೆದುಕೊಂಡು ಹೋದರು. ಮೆಕ್ಯಾನಿಕ್ ಮೊದಲು ನಕ್ಕನಂತೆ, "ಎಲ್ಲರೂ ಮಾಡಿಸ್ತಾರೆ ಸರ್" ಎಂದನಂತೆ. ಒಂದು ಲಕ್ಷದ ಸೆಕ್ಷನ್ನಿನ ಮಾತು ಬಂದ ಮೇಲೆ ಮಾಲೀಕರೇ ಒಳಗಿನಿಂದ ಎದ್ದು ಬಂದು ವೈರು ಬೆಸೆಸಿ, ಟೇಪು ಸುತ್ತಿಸಿ, ಕೇಳಿದ ಪ್ರಮಾಣಪತ್ರದ ನಕಲನ್ನೂ ಕೊಟ್ಟರಂತೆ. ಹುಡುಗ ಎರಡು ದಿನ ನನ್ನ ಕಡೆ ತಿರುಗಿ ನೋಡಲಿಲ್ಲ. ಮೂರನೇ ದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಗೇಟಿನ ಹತ್ತಿರ ಬಂದು, "ಅಂಕಲ್, ಇಳಿಜಾರಲ್ಲಿ ಇಪ್ಪತ್ತೈದು ದಾಟಿದ್ರೆ ತಪ್ಪಾಗಲ್ಲ ತಾನೇ?" ಎಂದು ಕೇಳಿದ.